ಚ್ಯಾಷ್ಟಿಯನ್ನು ಚೇಷ್ಟೆ ಎಂದು ತಿದ್ದಿದ ದಿನ

2022ರ ಬೇಸಿಗೆಯಲ್ಲಿ ನಾನು ರಾಜ್ಯಮಟ್ಟದ ಕನ್ನಡ ದಿನಪತ್ರಿಕೆಯೊಂದರ ಕೊಪ್ಪಳ ಜಿಲ್ಲಾ ವರದಿಗಾರನಾಗಿದ್ದೆ. ವೃತ್ತಿಗೆ ಬಂದು ಇಪ್ಪತ್ತೊಂಬತ್ತು ವರ್ಷ, ಕೊಪ್ಪಳಕ್ಕೆ ಬಂದು ಹನ್ನೊಂದು ವರ್ಷ ಆಗಿತ್ತು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಅಷ್ಟು ಕಾಲದಲ್ಲಿ ನನ್ನ ಮೇಲೆ ಒಂದೂ ಮಾನನಷ್ಟ ಮೊಕದ್ದಮೆ ಬಿದ್ದಿರಲಿಲ್ಲ. ನನ್ನ ಯಾವ ವರದಿಗೂ ತಿದ್ದುಪಡಿ ಪ್ರಕಟವಾಗಿರಲಿಲ್ಲ. ಹೊಸದಾಗಿ ಸೇರಿದವರ ಮುಂದೆ ಇದನ್ನು ಹೇಳಿಕೊಳ್ಳುವ ಅಭ್ಯಾಸ ನನಗಿತ್ತು. ಆ ಅಭ್ಯಾಸ ಬಿಟ್ಟುಹೋದ ವಾರದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ವ್ಯಕ್ತಿಗಳ ಹೆಸರು ಬದಲಿಸಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬೇಡ, ತಪ್ಪು ಅವರದಾಗಿರಲಿಲ್ಲ.

ಮೊದಲಿಗೆ ನನ್ನ ಭಾಷೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕುಷ್ಟಗಿ ತಾಲ್ಲೂಕಿನವನು. ಮನೆಯಲ್ಲಿ ಆಡುವುದು ಐತಿ, ಅದಾನ, ಹೋಗ್ಯಾನ. ಹುಬ್ಬಳ್ಳಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕಾಪಿಯಲ್ಲಿ, ಅಂದರೆ ಅಚ್ಚಿಗೆ ಕೊಡುವ ವರದಿಯಲ್ಲಿ, 'ಮನೆ' ಎಂದಿರಬೇಕಾದ ಕಡೆ 'ಮನಿ' ಎಂದಾಗಿತ್ತು. ಮುಖ್ಯ ಉಪಸಂಪಾದಕರು ಅದನ್ನು ಎದ್ದುನಿಂತು ರಾಗವಾಗಿ ಓದಿದರು. ವರದಿ ತಿದ್ದುವ ಇಡೀ ಡೆಸ್ಕ್ ನಕ್ಕಿತು. ಅಲ್ಲಿಂದಾಚೆಗೆ ನನ್ನ ಬರವಣಿಗೆಯಲ್ಲಿ ಊರಿನ ಮಾತು ಒಂದೂ ನುಸುಳದಂತೆ ನೋಡಿಕೊಂಡೆ. ಯಾರು ಏನೇ ಆಡಲಿ, ಅದು ನನ್ನ ಬೆರಳಿನಿಂದ ಕೀಲಿಮಣೆಗೆ ಇಳಿಯುವಷ್ಟರಲ್ಲಿ ಪುಸ್ತಕದ ಕನ್ನಡವಾಗಿರುತ್ತಿತ್ತು. ನನ್ನ ಕಾಪಿಗೆ ಕೈ ಹಚ್ಚಬೇಕಾಗಿಲ್ಲ ಎಂದು ಡೆಸ್ಕಿನವರು ಹೇಳುತ್ತಿದ್ದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಆ ವರ್ಷ ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಭಾಗದ ವಿಶ್ವವಿದ್ಯಾಲಯವೊಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದ ಹೆಣ್ಣುಮಕ್ಕಳಿಗಾಗಿ ಮೂರು ವಾರದ ಬೇಸಿಗೆ ಶಿಬಿರ ಏರ್ಪಡಿಸಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಂದ ನಲವತ್ತೆರಡು ಹುಡುಗಿಯರು ಬಂದಿದ್ದರು. ಬೆಳಿಗ್ಗೆ ಗಣಿತ, ವಿಜ್ಞಾನ. ಮಧ್ಯಾಹ್ನ ಪ್ರಯೋಗಾಲಯ, ಗ್ರಂಥಾಲಯ. ವಾಸ ಅಲ್ಲಿಯದೇ ಹಾಸ್ಟೆಲ್‌ನಲ್ಲಿ. ಕಾಲೇಜು ಎಂದರೇನು ಎಂದು ಕಾಲೇಜಿಗೆ ಸೇರುವ ಮೊದಲೇ ತೋರಿಸುವುದು ಉದ್ದೇಶ. ಕೊನೆಯ ದಿನ ಒಂದು ಪರೀಕ್ಷೆ. ಅದರಲ್ಲಿ ಮೊದಲ ಹತ್ತು ಸ್ಥಾನ ಪಡೆದವರಿಗೆ ಆವರಣದ ಕಾಲೇಜಿನಲ್ಲೇ ಎರಡು ವರ್ಷ ಊಟ ವಸತಿ ಸಹಿತ ಉಚಿತವಾಗಿ ಸೈನ್ಸ್ ಪಿಯುಸಿ. ಆ ಹತ್ತು ಸೀಟಿಗಾಗಿಯೇ ಹೆಚ್ಚಿನ ತಂದೆತಾಯಿಯರು ಮಕ್ಕಳನ್ನು ಮನೆಯಿಂದ ಹೊರಗೆ ಕಳಿಸಿದ್ದರು. ಬಹಳಷ್ಟು ಹುಡುಗಿಯರು ಮನೆ ಬಿಟ್ಟು ಇರುವುದು ಅದೇ ಮೊದಲು.

ಎರಡನೇ ವಾರದಲ್ಲಿ ಹಾಸ್ಟೆಲ್‌ನ ಬೋರ್‌ವೆಲ್ ಕೆಟ್ಟು ನೀರಿಲ್ಲ ಎಂಬ ಸುದ್ದಿ ಬಂತು. ಸಣ್ಣ ಸುದ್ದಿ, ಒಳಪುಟದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಹುಡುಗಿಯರು ತಟ್ಟೆ ಹಿಡಿದು ಕುಳಿತಿದ್ದರು.

"ಊಟ ಹೆಂಗೈತಿ ತಂಗಿ?" ಎಂದೆ.

"ಸಾಂಬಾರು ಬರೇ ನೀರೈತ್ರಿ," ಎಂದಳು ಒಬ್ಬಳು.

"ನಳಕ್ಕ ನೀರಿಲ್ಲ, ಸಾಂಬಾರಿಗೆ ಎಲ್ಲಿಂದ ಬಂತಬೇ?" ಎಂದಳು ಪಕ್ಕದವಳು. ಪಂಕ್ತಿಯೆಲ್ಲ ನಕ್ಕಿತು.

ಹಾಗೆ ಕೇಳಿದವಳು ತಾವರಗೇರಾದ ಭಾಗ್ಯಶ್ರೀ. ತಂದೆ ವಿರೂಪಾಕ್ಷಪ್ಪ ಅವರದು ಅಲ್ಲಿ ಪಾತ್ರೆ ಅಂಗಡಿ. ಚುರುಕು ಮಾತಿನವಳು, ಆದ್ದರಿಂದ ನಾನು ಅವಳನ್ನೇ ಕೇಳುತ್ತಾ ಹೋದೆ. ಸ್ನಾನ ಎರಡು ದಿನಕ್ಕೊಮ್ಮೆ ಎಂದಳು. ಎರಡು ಫ್ಯಾನ್ ತಿರುಗುವುದಿಲ್ಲ ಎಂದಳು. ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ, ಏಳುವ ಮೊದಲು, ಪಾಠ ಹೇಗೆ ಎಂದು ಕೇಳಿದೆ.

"ಪಾಠ ಛಲೋ ಮಾಡ್ತಾರ್ರಿ. ಫಿಸಿಕ್ಸ್ ಸರ್ ಅಂತೂ ಭಾಳ ಚ್ಯಾಷ್ಟಿ ಮಾಡ್ತಾರ್ರಿ."

ಮತ್ತೆ ಎಲ್ಲರೂ ನಕ್ಕರು. ಒಬ್ಬಳು ವೇಲನ್ನು ಬಾಯಿಗೆ ಒತ್ತಿಕೊಂಡಳು. ನಾನು ಪುಸ್ತಕದಲ್ಲಿ 'ಫಿ. ಸರ್, ಭಾಳ ಚ್ಯಾಷ್ಟಿ' ಎಂದು ಬರೆದು ಮುಚ್ಚಿದೆ. ಏನು ಚ್ಯಾಷ್ಟಿ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಚ್ಯಾಷ್ಟಿ ಎಂದರೆ ತಮಾಷೆ, ನಗೆಯಾಟ. ನಮ್ಮಪ್ಪ ಅವ್ವನ ಕನ್ನಡಕ ಅಡಗಿಸಿಟ್ಟಾಗ ಅವ್ವ, "ಚ್ಯಾಷ್ಟಿ ಮಾಡಬ್ಯಾಡ್ರಿ, ಕೊಡ್ರಿ ಇತ್ತ," ಎನ್ನುತ್ತಿದ್ದಳು. ಆ ಮಾತು ಕೇಳುತ್ತಲೇ ಬೆಳೆದವನು ನಾನು.

ಸಂಜೆ ಕಚೇರಿಯಲ್ಲಿ ವರದಿ ಬರೆದೆ. ನೀರು, ಫ್ಯಾನು, ಸಾಂಬಾರು ಎಲ್ಲ ಆದ ಮೇಲೆ ಕೊನೆಯ ಪ್ಯಾರಾ ಹೀಗಿತ್ತು: 'ಉಪನ್ಯಾಸಕರೊಬ್ಬರು ತುಂಬಾ ಚೇಷ್ಟೆ ಮಾಡುತ್ತಾರೆ ಎಂದು ಹೆಸರು ಹೇಳಲಿಚ್ಛಿಸದ ವಿದ್ಯಾರ್ಥಿನಿಯೊಬ್ಬಳು ದೂರಿದಳು.'

ಈ ಒಂದು ವಾಕ್ಯದಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ಚ್ಯಾಷ್ಟಿಯನ್ನು ಚೇಷ್ಟೆ ಎಂದು ತಿದ್ದಿದೆ. ಕಾಗುಣಿತ ಸರಿಯಾಯಿತು, ಅರ್ಥ ಕೆಟ್ಟಿತು. ಉಪನ್ಯಾಸಕ ವಿದ್ಯಾರ್ಥಿನಿಯರೊಂದಿಗೆ ಚೇಷ್ಟೆ ಮಾಡಿದ ಎಂದು ಅಚ್ಚಿನಲ್ಲಿ ಬಂದರೆ ಓದುವವರು ತಿಳಿಯುವುದು ಒಂದೇ: ಅಸಭ್ಯ ವರ್ತನೆ. ಅವಳು ಹೇಳಿದ್ದಳು, ನಾನು 'ದೂರಿದಳು' ಎಂದೆ. ಕೊರತೆಯ ಸುದ್ದಿಯಲ್ಲಿ ಎಲ್ಲರ ಮಾತಿಗೂ ಕೊನೆಯಲ್ಲಿ 'ದೂರಿದರು' ಸೇರಿಸುವುದು ನಮ್ಮ ವೃತ್ತಿಯ ಕೈಚಳಕ. ಇನ್ನು ಹೆಸರು. ಹೆಸರು ಹಾಕಬೇಡಿ ಎಂದು ಅವಳು ಹೇಳಿಯೇ ಇರಲಿಲ್ಲ. ಸಣ್ಣ ಹುಡುಗಿಗೆ ತೊಂದರೆಯಾಗದಿರಲಿ ಎಂದು ನಾನೇ ತೆಗೆದೆ. ಆದರೆ ಹೆಸರು ಮುಚ್ಚಿಟ್ಟ ಕೂಡಲೇ ಅವಳು ಯಾವುದಕ್ಕೋ ಹೆದರಿದ್ದಾಳೆ ಎಂದಾಯಿತು.

ಇಷ್ಟಕ್ಕೇ ನಿಂತಿದ್ದರೆ ಅಜಾಗರೂಕತೆ ಎನ್ನಬಹುದಿತ್ತು. ಏಳು ಗಂಟೆ ಹತ್ತು ನಿಮಿಷಕ್ಕೆ ಡೆಸ್ಕ್‌ನಿಂದ ಫೋನ್ ಬಂತು. ಉಪಸಂಪಾದಕಿ ಸ್ಮಿತಾ, ಮೈಸೂರು ಕಡೆಯವರು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ.

"ಸರ್, ಒಂದು ಡೌಟು. ಕೊನೆ ಪ್ಯಾರಾದಲ್ಲಿ ಚೇಷ್ಟೆ ಅಂತಿದೆಯಲ್ಲ, ಅದು ಕೆಟ್ಟ ಅರ್ಥದ್ದಾ, ತಮಾಷೆ ಅರ್ಥದ್ದಾ? ದೂರಿದಳು ಅಂತ ಬೇರೆ ಇದೆ."

ಉತ್ತರ ನನಗೆ ಗೊತ್ತಿತ್ತು. ಹಾಗೆಯೇ, ಆ ಉತ್ತರ ಕೊಟ್ಟರೆ ಪ್ಯಾರಾ ಕತ್ತರಿಸಿ ನೀರಿನ ಸುದ್ದಿ ಐದನೇ ಪುಟಕ್ಕೆ ಹೋಗುತ್ತದೆ, ಕೊಡದಿದ್ದರೆ ಮುಖಪುಟಕ್ಕೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಎಂಟು ತಿಂಗಳಿಂದ ಮುಖಪುಟದಲ್ಲಿ ನನ್ನ ವರದಿ ಬಂದಿರಲಿಲ್ಲ.

"ಹುಡುಗಿ ಆಡಿದ ಮಾತೇ ಅದು. ಹಾಗೇ ಇರಲಿ," ಎಂದೆ.

"ಹಾಗಾದ್ರೆ ಲೀಡ್ ಅದೇ ಆಗ್ಬೇಕಲ್ವಾ ಸರ್? ನೀರಿನ ವಿಷಯ ಕೆಳಗೆ ಹಾಕ್ಲಾ?" ಲೀಡ್ ಎಂದರೆ ವರದಿಯ ಆರಂಭದ ವಾಕ್ಯ; ಓದುಗರು ಬಹಳ ಸಲ ಅದೊಂದನ್ನೇ ಓದುತ್ತಾರೆ.

"ನೀವು ನೋಡಿಕೊಳ್ಳಿ," ಎಂದೆ.

ಮರುದಿನ ಮುಖಪುಟದ ಕೆಳಭಾಗದಲ್ಲಿ ಮೂರು ಕಾಲಂ: 'ಬೇಸಿಗೆ ಶಿಬಿರದಲ್ಲಿ ವಿದ್ಯಾರ್ಥಿನಿಯರೊಂದಿಗೆ ಉಪನ್ಯಾಸಕನ ಚೇಷ್ಟೆ'. ಬೆಳಿಗ್ಗೆ ಏಳಕ್ಕೆಲ್ಲ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಊರೂರು ತಲುಪಿತ್ತು. ಹತ್ತಕ್ಕೆ ತಾವರಗೇರಾ, ಇರಕಲ್ಲಗಡ, ಹಿಟ್ನಾಳ ಕಡೆಯಿಂದ ಟಂಟಂ ಆಟೊಗಳಲ್ಲಿ, ಬೈಕುಗಳಲ್ಲಿ ಪೋಷಕರು ಬಂದಿಳಿದರು. ನಾನು ಹನ್ನೊಂದೂವರೆಗೆ ಹೋದಾಗ ಗೇಟಿನ ಬಳಿ ಟ್ರಂಕುಗಳು ಸಾಲಾಗಿದ್ದವು. ಹುಡುಗಿಯರು ಅಳುತ್ತಿದ್ದರು, ಕೆಲವು ತಾಯಂದಿರು ಬಯ್ಯುತ್ತಿದ್ದರು. ಎರಡು ಸಂಘಟನೆಗಳವರು ಘೋಷಣೆ ಕೂಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಫಿಸಿಕ್ಸ್ ಅತಿಥಿ ಉಪನ್ಯಾಸಕ ಬಸವರಾಜ ಅವರನ್ನು ವಿಚಾರಣೆ ಮುಗಿಯುವವರೆಗೆ ಕರ್ತವ್ಯದಿಂದ ದೂರವಿಡಲಾಗಿದೆ ಎಂಬ ಪ್ರಕಟಣೆ ಬಂತು. ನಾನು ಹೆಸರು ಬರೆದಿರಲಿಲ್ಲ. ಅಲ್ಲಿ ಗಂಡು ಉಪನ್ಯಾಸಕರು ಇದ್ದದ್ದೇ ಇಬ್ಬರು, ಇನ್ನೊಬ್ಬರು ನಿವೃತ್ತಿಯ ಅಂಚಿನವರು. ಊಹಿಸುವುದು ಕಷ್ಟವಿರಲಿಲ್ಲ.

ಸಂಜೆಯ ಹೊತ್ತಿಗೆ ನಲವತ್ತೆರಡರಲ್ಲಿ ಉಳಿದವರು ಏಳು.

ಹಾಸ್ಟೆಲ್ ವಾರ್ಡನ್ ಹಸೀನಾ ಬೇಗಂ, ಗಂಗಾವತಿಯವರು, ಮೆಟ್ಟಿಲ ಮೇಲೆ ನಿಂತಿದ್ದರು. ಪ್ರತಿಕ್ರಿಯೆ ಕೇಳಲು ಹೋದೆ.

"ನೀವ ಏನ್ರಿ ಬರದವ್ರು?"

"ಹೌದು."

"ಯಾವೂರ್ರಿ ನಿಮ್ಮದು?"

"ಕುಷ್ಟಗಿ ಕಡೆ."

"ಬೆಂಗಳೂರಿಂದ ಬಂದವ್ರು ಯಾರೋ ಬರದಾರಂತ ತಿಳಕೊಂಡಿದ್ನಿ. ಕುಷ್ಟಗಿಯವರಿಗೆ ಚ್ಯಾಷ್ಟಿ ಅಂದ್ರ ಏನಂತ ನಾ ಹೇಳಬೇಕೇನ್ರಿ?"

ಆ ಪಾಠ ಹೇಗಿತ್ತೆಂದು ಅವರೇ ಹೇಳಿದರು. ಜಡತ್ವ, ಅಂದರೆ ಓಡುವ ವಸ್ತು ಓಡುತ್ತಲೇ ಇರಲು ನೋಡುವ ಗುಣ. ಅದನ್ನು ಹೇಳಿಕೊಡಲು ಬಸವರಾಜ ಬೆಂಚುಗಳನ್ನು ಬಸ್ಸಿನ ಹಾಗೆ ಜೋಡಿಸಿ ತಾವೇ ಕಂಡಕ್ಟರ್ ಆಗುತ್ತಿದ್ದರಂತೆ. 'ಮುಂದ ಸರೀರಿ ಅಕ್ಕಾರ, ಚಿಲ್ಲರ ತಗೀರಿ,' ಎನ್ನುತ್ತಾ ಓಡಾಡಿ, ಡ್ರೈವರ್ ಬ್ರೇಕ್ ಹಾಕಿದ ಹಾಗೆ ಕೂಗಿ, ತಾವೇ ಮುಗ್ಗರಿಸಿ ಕರಿಹಲಗೆಗೆ ಹೋಗಿ ಬಡಿಯುತ್ತಿದ್ದರಂತೆ. "ನಕ್ಕು ನಕ್ಕು ಹುಡುಗ್ಯಾರ ಹೊಟ್ಟಿ ಹುಣ್ಣಾಗ್ತಿತ್ರಿ. ನಾನೂ ಬಾಗಲದಾಗ ನಿಂತು ನೋಡ್ತಿದ್ನಿ. ನಿಮ್ಮ ಪೇಪರ್‌ನ್ಯಾಗ ಇದಕ್ಕ ಏನಂತಾರೋ ನನಗ ತಿಳೀದು," ಎಂದು ಒಳಗೆ ಹೋದರು.

ಅವತ್ತು ನಾನು ಕಳಿಸಿದ ಮುಂದುವರಿದ ವರದಿಯಲ್ಲಿ ಪೋಷಕರ ಆಕ್ರೋಶವಿತ್ತು, ಘೋಷಣೆಯಿತ್ತು, ಆಡಳಿತದ ಪ್ರಕಟಣೆಯಿತ್ತು. ಹಸೀನಾ ಅವರ ಮಾತು ಇರಲಿಲ್ಲ. ಡೆಸ್ಕ್ ತೆಗೆದದ್ದಲ್ಲ. ನಾನು ಬರೆಯಲೇ ಇಲ್ಲ.

ಮೂರನೇ ದಿನ ಬಸವರಾಜ ಅವರ ಲಿಖಿತ ದೂರು ಸಂಪಾದಕರಿಗೆ ತಲುಪಿತು; ಅವರು ನನ್ನಿಂದ ವಿವರಣೆ ಕೇಳಿದರು. ಎರಡು ಸಾಲು ಬರೆದೆ: 'ವಿದ್ಯಾರ್ಥಿನಿ ಆ ಪದ ಬಳಸಿದ್ದು ನಿಜ. ಶೀರ್ಷಿಕೆ ಮತ್ತು ಲೀಡ್ ನನ್ನವಲ್ಲ.' ಒಂದೊಂದು ಅಕ್ಷರವೂ ಸರಿಯಾಗಿತ್ತು. ಕಾರಣ ಕೇಳುವ ಮೆಮೊ ಸ್ಮಿತಾ ಅವರಿಗೆ ಹೋಯಿತು. ಆ ಸಂಜೆ ಅವರು ಫೋನ್ ಮಾಡಿದರು.

"ಸರ್, ನಾನು ನಿಮ್ಮನ್ನ ಕೇಳಿದ್ದೆ ಅಲ್ವಾ?"

"ಕೇಳಿದ್ರಿ."

"ನೀವು ಮರೆತಿರಬಹುದು ಅಂದ್ಕೊಂಡೆ. ಮರೆತಿಲ್ಲ ಅಂತಾಯ್ತು," ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಬಸ್ ಹತ್ತಿ ತಾವರಗೇರಾಕ್ಕೆ ಹೋದೆ. ಪಾತ್ರೆ ಅಂಗಡಿ ಪತ್ತೆಯಾಗಲು ಹೊತ್ತಾಗಲಿಲ್ಲ. ಪತ್ರಿಕೆಯವನು ಎಂದು ಹೇಳಿಕೊಂಡ ಕೂಡಲೇ ವಿರೂಪಾಕ್ಷಪ್ಪ ಎದ್ದು ಸ್ಟೂಲ್ ಒರೆಸಿ ಇಟ್ಟರು. ಬೇಡವೆಂದರೂ ಚಹಾ ತರಿಸಿದರು.

"ನಿಮ್ಮ ಪೇಪರಿಂದ ಭಾಳ ಉಪಕಾರ ಆತ್ರಿ ಸರ. ನೀವು ಬರದಿದ್ದಿಲ್ಲಂದ್ರ ನಮಗ ಹೆಂಗ ಗೊತ್ತಾಗ್ತಿತ್ತು? ಹೆಣ್ಣ ಹುಡುಗ್ಯಾರನ್ನ ಕಟಗೊಂಡು ನಾವು ಎಲ್ಲಿ ಹೋಗಬೇಕ್ರಿ?"

ಚಹಾದ ಲೋಟ ಕೈಯಲ್ಲಿತ್ತು. ಕುಡಿಯಲು ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

"ಮಗಳು ಏನಂತಾಳ್ರಿ?" ಎಂದೆ.

"ಆಕಿ ಏನಂತಾಳ ಬಿಡ್ರಿ. ಸರ್ ಹಂಥಾವ್ರಲ್ಲ, ಹಂಥಾವ್ರಲ್ಲ ಅಂತ ನಾಕು ದಿನದಿಂದ ಒಂದ ಸವನ ಅಳಾಕತ್ತಾಳ. ಊಟ ಬಿಟ್ಟಾಳ. ನಾ ಅಂದ್ನಿ, ಹುಚ್ಚಿ, ಪೇಪರ್‌ನವ್ರು ಸುಳ್ಳ ಬರೀತಾರೇನು? ಅವ್ರಿಗೇನು ಕೆಲಸ ಇಲ್ಲೇನು?"

ಮಗಳ ಮಾತು ಒಂದು ಕಡೆ, ನನ್ನ ವಾಕ್ಯ ಇನ್ನೊಂದು ಕಡೆ. ತಂದೆ ನನ್ನ ವಾಕ್ಯವನ್ನು ನಂಬಿದ್ದರು. ಅಚ್ಚಾದದ್ದನ್ನು ಜನ ಹೀಗೆ ನಂಬಲಿ ಎಂದೇ ನಾವು ದುಡಿಯುವುದು. ಆ ನಂಬಿಕೆಯನ್ನು ಅಷ್ಟು ಹತ್ತಿರದಿಂದ, ಅಷ್ಟು ನಾಚಿಕೆಯಿಂದ ನಾನು ಹಿಂದೆಂದೂ ನೋಡಿರಲಿಲ್ಲ.

"ಅದನ್ನ ಬರದಾಂವ ನಾನ," ಎಂದೆ. "ನಿಮ್ಮ ಮಗಳು ಚ್ಯಾಷ್ಟಿ ಅಂದಿದ್ಲು. ನಾ ಚೇಷ್ಟೆ ಅಂತ ಮಾಡಿದೆ. ಆಕಿ ನಗಸ್ತಾರ ಅಂದಿದ್ದು. ದೂರು ಹೇಳಿರಲಿಲ್ಲ."

ಅವರಿಗೆ ತಕ್ಷಣ ಹೊಳೆಯಲಿಲ್ಲ. "ಚ್ಯಾಷ್ಟಿ? ನಾವು ನೀವು ಮಾಡ್ತೀವಲ್ಲ, ಹಂಗ?"

"ಹಂಗ."

"ಮತ್ತ ಹಂಗ ಬರೀಬೇಕಿತ್ತಲ್ಲ ಸರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಗ್ರಾಹಕನಿಗೆ ತೂಕ ತಪ್ಪಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು. ಅಂಗಡಿಯ ಹಿಂದೆಯೇ ಮನೆ. ಬಾಗಿಲ ಪರದೆಯ ಪಕ್ಕದಲ್ಲಿ ಭಾಗ್ಯಶ್ರೀ ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಕೇಳಿದ್ರಿಲ್ಲೋ ಅಪ್ಪಾಜಿ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಶಿಬಿರ ಲಗೂನ ಮುಗಿಸಿಬಿಟ್ರಂತ. ಪರೀಕ್ಷಾ ನಿನ್ನೆ ಆಗಿಹೋತ್ರಿ ಸರ. ಉಳಿದ ಏಳು ಮಂದಿಗೆ ಅಷ್ಟ ಇಟ್ರಂತ. ಏಳೂ ಮಂದಿಗೆ ಸೀಟ್ ಸಿಕ್ಕಾವಂತ. ಮೂರು ಖಾಲಿ ಉಳದಾವಂತ."

ನಾನು ವಿಶ್ವವಿದ್ಯಾಲಯದವರೊಂದಿಗೆ ಮಾತನಾಡುತ್ತೇನೆ ಎಂದೆ.

"ಮಾತಾಡ್ರಿ. ಮೊದಲ ಬರೀರಿ. ನಾ ಅಂದದ್ದನ್ನ ನಾ ಅಂದಂಗ ಬರೀರಿ. ನನ್ನ ಹೆಸರು ಹಾಕ್ರಿ. ಬ್ಯಾಡ ಅಂತ ನಾ ಯಾವಾಗ ಅಂದಿದ್ನಿ?"

ತಂದೆ ಅವಳನ್ನು ತಡೆಯಲಿಲ್ಲ.

ಅಂದು ಮಧ್ಯಾಹ್ನ ಸಂಪಾದಕರಿಗೆ ಎರಡು ಕಾಗದ ಕಳಿಸಿದೆ. ಒಂದು, ನನ್ನ ವಿವರಣೆ ಅಪೂರ್ಣ, ಸ್ಮಿತಾ ಕೇಳಿದ್ದರು, ನಾನು ಗೊತ್ತಿದ್ದೂ ಸರಿಯಾದ ಉತ್ತರ ಕೊಡಲಿಲ್ಲ ಎಂದು. ಇನ್ನೊಂದು, ವರದಿ. ಅದರಲ್ಲಿ ಭಾಗ್ಯಶ್ರೀಯ ಹೆಸರು, ಹಸೀನಾ ಅವರ ಹೆಸರು, ಬಸ್ಸು ಕಂಡಕ್ಟರಿನ ಪಾಠ, ಎಲ್ಲ ಇತ್ತು. ಮಾತುಗಳು ಅವರು ಆಡಿದ ಹಾಗೆಯೇ ಇದ್ದವು. ತಪ್ಪೊಪ್ಪಿಕೊಂಡರೆ ಕೋರ್ಟಿನಲ್ಲಿ ನಮಗೇ ಮುಳುವಾಗುತ್ತದೆ ಎಂದು ಕಾನೂನು ಸಲಹೆಗಾರರು ಹೇಳಿದರಂತೆ. ಐದು ದಿನ ಎಳೆದಾಡಿ ವರದಿ ಕೊನೆಗೂ ಪ್ರಕಟವಾಯಿತು, ಏಳನೇ ಪುಟದಲ್ಲಿ, ಒಂದು ಕಾಲಂನಲ್ಲಿ. ಕೆಳಗೆ 'ಅಪಾರ್ಥಕ್ಕೆ ಎಡೆಯಾಗಿದ್ದಲ್ಲಿ ವಿಷಾದಿಸುತ್ತೇವೆ' ಎಂಬ ಸಾಲು ಸೇರಿಸಿದ್ದರು. ಆ 'ಆಗಿದ್ದಲ್ಲಿ' ನನ್ನದಲ್ಲ; ಆದರೆ ಶೀರ್ಷಿಕೆಯ ಬಗ್ಗೆ ಹೇಳಿದ್ದಂತೆ ಈ ಸಲವೂ 'ನನ್ನದಲ್ಲ' ಎಂದು ಸಂಪಾದಕರಿಗೆ ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ. ಸ್ಮಿತಾ ಅವರ ಮೆಮೊ ಹಿಂದಕ್ಕೆ ಪಡೆದರು. ನನಗೆ ಎಚ್ಚರಿಕೆ ಪತ್ರ ಬಂತು. ಏಳನೇ ಪುಟದ ಆ ವರದಿಯ ಫೋಟೊವನ್ನು ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡದ್ದನ್ನು ನಾನು ನೋಡಲಿಲ್ಲ.

ಖಾಲಿ ಉಳಿದ ಮೂರು ಸೀಟಿಗೆ ಮತ್ತೊಮ್ಮೆ ಪರೀಕ್ಷೆ ನಡೆಸಿ ಎಂದು ಹೋಗಿ ಕೇಳಿದೆ. ನಿಯಮದಲ್ಲಿ ಅವಕಾಶವಿಲ್ಲ ಎಂದರು. ಎರಡು ಸಲ ಹೋದೆ, ಎರಡು ಸಲವೂ ಅದೇ ಉತ್ತರ. ಭಾಗ್ಯಶ್ರೀ ಮನೆಗೆ ಹತ್ತಿರವಿದ್ದ ಕಾಲೇಜಿನಲ್ಲಿ ಕಾಮರ್ಸ್ ಸೇರಿದಳು. ಅವಳು ಬೇಕೆಂದದ್ದು ಸೈನ್ಸ್. ಚೆನ್ನಾಗಿ ಓದುತ್ತಿದ್ದಾಳೆ ಎಂದು ತಂದೆ ಫೋನಿನಲ್ಲಿ ಹೇಳಿದರು. ಅದನ್ನು ಸಮಾಧಾನವೆಂದು ಬರೆದುಕೊಳ್ಳುವ ಹಕ್ಕು ನನಗಿಲ್ಲ. ಶಿಬಿರ ಬಿಟ್ಟು ಹೋದ ಮೂವತ್ತೈದು ಹುಡುಗಿಯರಲ್ಲಿ ಮಿಕ್ಕವರು ಏನಾದರು ಎಂಬುದನ್ನು ಪೂರ್ತಿ ಪತ್ತೆ ಮಾಡಲು ನನಗೆ ಆಗಿಲ್ಲ. ಇಬ್ಬರ ಮದುವೆಯಾಯಿತು ಎಂಬುದು ಮಾತ್ರ ಖಚಿತವಾಗಿ ಗೊತ್ತು.

ವಿಚಾರಣಾ ಸಮಿತಿ ಬಸವರಾಜ ಅವರದು ಯಾವ ತಪ್ಪೂ ಇಲ್ಲ ಎಂದು ಬರೆದು ಕೊಟ್ಟಿತು. ಆದರೆ ಅತಿಥಿ ಉಪನ್ಯಾಸಕರ ನೇಮಕ ವರ್ಷ ವರ್ಷಕ್ಕೆ ಹೊಸದು. ಮುಂದಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರು ಯಲಬುರ್ಗಾದಲ್ಲಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಟ್ಯೂಷನ್ ಆರಂಭಿಸಿದರು.

ಕೆಲಸದ ಕೊನೆಯ ಎರಡು ವರ್ಷ ನಾನು ಒಂದು ನಿಯಮ ಪಾಲಿಸಿದೆ. ಯಾರದೇ ಮಾತನ್ನು ಉದ್ಧರಿಸುವ ಮೊದಲು, ನಾನು ಬರೆದ ವಾಕ್ಯವನ್ನು ಅವರಿಗೇ ಓದಿ ಹೇಳಿ, 'ನೀವಂದದ್ದು ಇದೇನ್ರಿ?' ಎಂದು ಕೇಳುತ್ತಿದ್ದೆ. ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಹತ್ತರಲ್ಲಿ ಮೂರು ಸಲ ಜನ ಇಲ್ಲ ಎನ್ನುತ್ತಿದ್ದರು. ಅಂದರೆ ಮೊದಲ ಇಪ್ಪತ್ತೊಂಬತ್ತು ವರ್ಷ ನಾನು ಎಷ್ಟು ಜನರ ಬಾಯಲ್ಲಿ ಅವರು ಆಡದ ಮಾತನ್ನು ಇಟ್ಟಿದ್ದೆನೋ, ಆ ಲೆಕ್ಕ ನನಗೆ ಸಿಗುವುದಿಲ್ಲ. ತಿದ್ದುಪಡಿ ಬರಲಿಲ್ಲ ಎಂದರೆ ತಪ್ಪಾಗಿರಲಿಲ್ಲ ಎಂದಲ್ಲ; ದೂರು ಕೊಡಲು ಬರುವಷ್ಟು ಶಕ್ತಿ ಅವರಿಗಿರಲಿಲ್ಲ ಎಂದಿರಬಹುದು. ವೃತ್ತಿ ನನಗೆ ಕಲಿಸಿದ್ದು ಇದು. ಕಲಿತದ್ದು ತಡವಾಗಿ.

ನಿವೃತ್ತನಾದ ತಿಂಗಳು ಯಲಬುರ್ಗಾಕ್ಕೆ ಹೋದೆ. ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಬಸವರಾಜ ನನ್ನನ್ನು ಕುಳ್ಳಿರಿಸಿ ಪೂರ್ತಿ ಕೇಳಿಸಿಕೊಂಡರು.

"ಬಂದ್ರಲ್ಲ, ಛಲೋ ಆತ್ರಿ," ಎಂದರು. "ನಿಮ್ಮ ಮ್ಯಾಲೆ ಸಿಟ್ಟು ಈಗಿಲ್ಲ. ಇತ್ತು. ಒಂದ ಹೇಳ್ತೀನಿ. ಪಾಠ ಮಾಡೂಮುಂದ ಬಾಯಿಗೆ ಒಂದು ಮಾತು ಬರ್ತೈತ್ರಿ, ಆಡಿದ್ರ ಹುಡುಗೂರು ನಗ್ತಾರ, ತಲಿಗೂ ಹತ್ತತೈತಿ. ಇದು ನಾಳೆ ಪೇಪರ್‌ನ್ಯಾಗ ಹೆಂಗ ಬರ್ತೈತಿ ಅಂತ ಮೊದಲ ವಿಚಾರ ಮಾಡ್ತೀನಿ. ಅಷ್ಟರಾಗ ಮಾತು ಹೋಗಿಬಿಟ್ಟಿರ್ತೈತಿ."

ಆರು ಗಂಟೆಯ ಬ್ಯಾಚಿನ ಮಕ್ಕಳು ಬಂದು ಕುಳಿತರು. ನಾನು ಎದ್ದೆ, ಆದರೆ ಹೊರಗಿನ ಮೆಟ್ಟಿಲ ಬಳಿ ನಿಂತೆ. ಅವತ್ತು ಬೆಳಕಿನ ಪ್ರತಿಫಲನದ ಪಾಠ. ವಿವರಣೆ ಸ್ಪಷ್ಟವಾಗಿತ್ತು, ದನಿ ಎಲ್ಲೂ ಏರಲಿಲ್ಲ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇಪ್ಪತ್ತು ನಿಮಿಷ ನಿಂತಿದ್ದೆ. ಒಂದು ಸಲವೂ ಯಾರೂ ನಗಲಿಲ್ಲ.